ದೆವ್ವದ ಸರ್ರು

ದೆವ್ವದ ಕತೆ ಬರೆದು ಹೆಸರು ಮಾಡಬೇಕೆನ್ನುವವನು ಮುಂಡರಗಿಯಲ್ಲಿ ಹುಟ್ಟಬಾರದು. ಹಿಂಗಾರಿ ಕೈಕೊಟ್ಟ ವರ್ಷವೂ ಇಲ್ಲಿ ದೆವ್ವದ ಬೆಳೆ ಕೈಕೊಟ್ಟದ್ದಿಲ್ಲ. ಕೊರ್ಲಹಳ್ಳಿಯ ಹೊಳೆದಂಡೆಗೊಂದು, ಹುಣಸೆಮರಕ್ಕೊಂದು, ಪಾಳುಬಾವಿಗೊಂದು, ಕಪ್ಪತಗುಡ್ಡದ ಮಗ್ಗುಲಿಗಂತೂ ಲೆಕ್ಕವಿಲ್ಲ. ಮನೆಮನೆಯಲ್ಲೂ ಕಾಕೂಗೋ ದೊಡ್ಡವ್ವಗೋ ಒಮ್ಮೆ ಬಡಕೊಂಡಿರುತ್ತದೆ. ಯಾರು ಬಿಡಿಸಿದರು, ಎಷ್ಟು ತಗೊಂಡರು, ಅವತ್ತು ಮನೆಯಲ್ಲಿ ಪಲ್ಯ ಏನಿತ್ತು ಎಂಬುದೆಲ್ಲ ಎಲ್ಲರಿಗೂ ಬಾಯಿಪಾಠ. ಇಂಥ ಊರಲ್ಲಿ ಕುಳಿತು ಒಬ್ಬ ಮನುಷ್ಯ ಸ್ವಂತ ತಲೆಯಿಂದ ದೆವ್ವ ಹುಟ್ಟಿಸಿ, ಅದನ್ನು ದೀಪಾವಳಿ ಸಂಚಿಕೆಗೆ ಕಳಿಸಿ, ಗೌರವಧನದ ದಾರಿ ಕಾಯುತ್ತಾನೆಂದರೆ ಅವನ ಎದೆಗಾರಿಕೆಯನ್ನು ಮೆಚ್ಚಲೇಬೇಕು.

ಅಂಥವರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಹೆಸರು ಬೇಡ; ಊರು ಕರೆಯುವುದು ದೆವ್ವದ ಸರ್ರು ಎಂದೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಹಗಲು ಗುರುತ್ವಾಕರ್ಷಣೆ, ರಾತ್ರಿ ನೆಲಕ್ಕೆ ಕಾಲು ತಾಗದ ಹೆಂಗಸು. ಎರಡೂ ಒಂದೇ ಪೆನ್ನಿನಿಂದ ಹೇಗೆ ಬರುತ್ತವೆ ಎಂದು ಕೇಳಿದರೆ, "ಒಂದು ಪಗಾರಕ್ಕ, ಒಂದು ಪ್ರೀತಿಗಿ" ಎನ್ನುತ್ತಾರೆ. ಗದಗಿನಲ್ಲೂ ಲಕ್ಷ್ಮೇಶ್ವರದಲ್ಲೂ ಹುಡುಕಿದರೆ ಇಂಥವರು ಸಿಕ್ಕಾರು. ಗುರುತು ಹಿಡಿಯುವುದು ಸುಲಭ. ನೀವು ಮನೆಗೆ ಹೋದರೆ ಚಹಾ ಬರುವ ಮುಂಚೆ ಒಂದು ಹಳೇ ಪಿಚ್ಚರ್ ಹಾಕುತ್ತಾರೆ, ಚಹಾ ಬಂದಾಗ ಅದನ್ನು ನಿಲ್ಲಿಸಿ ವಿವರಣೆ ಕೊಡುತ್ತಾರೆ.

ಸರ್ರ ಕಾರ್ಯಾಗಾರವೆಂದರೆ ನಡುಮನೆಯ ಆಚೆಗಿನ ಕತ್ತಲೆ ಖೋಲಿ. ಮೊದಲು ಅಲ್ಲಿ ಜೋಳದ ಚೀಲ ಇರುತ್ತಿದ್ದವು. ಈಗ ಕೆಳಗೆ ವಿಸಿಆರ್, ಅದರ ಮೇಲೆ ವಿಸಿಡಿ ಪ್ಲೇಯರ್, ಅದರ ಮೇಲೆ ಡಿವಿಡಿ ಪ್ಲೇಯರ್, ಎಲ್ಲದರ ಮೇಲೆ ಸರ್ರ ಹೆಂಡತಿ, ಅಂದರೆ ನಮ್ಮ ವೈನಿ, ಲಗ್ನದಲ್ಲಿ ತಂದ ಕಸೂತಿ ಬಟ್ಟೆ. ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಸುವುದನ್ನೇ ನಿಲ್ಲಿಸಿದ ಸುದ್ದಿಯನ್ನು ಸರ್ರು ಪೇಪರಿನಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದಾರೆ. ಅದನ್ನು ಓದಿದ ರಾತ್ರಿ ಊಟ ಮಾಡಲಿಲ್ಲವಂತೆ. ಬಸ್‌ಸ್ಟ್ಯಾಂಡಿನಲ್ಲಿ ಗಿರ್ಮಿಟ್ಟು, ನಾಲ್ಕು ಮಿರ್ಚಿ ತಿಂದು ಬಂದಿದ್ದರೆಂಬುದು ವೈನಿಯ ತಿದ್ದುಪಡಿ.

ಟೇಪಿಗೆ ಬೂಸರು ಹಿಡಿಯುತ್ತದೆ. ಹೆಡ್ಡಿಗೆ ಕಸ ಕೂತರೆ ಪರದೆ ತುಂಬ ಗೆರೆ. ಹಿಂದೆ ವಿಡಿಯೋದವರು ಗರಿಗರಿ ಹೊಸ ನೋಟಿನಿಂದ ಹೆಡ್ಡು ಒರೆಸುತ್ತಿದ್ದರು, ಸರ್ರು ಇಂದಿಗೂ ಅದೇ ಪದ್ಧತಿ ಇಟ್ಟುಕೊಂಡಿದ್ದಾರೆ. ಒಮ್ಮೆ ವೈನಿ ಒಳ್ಳೆಯ ಮನಸ್ಸಿನಿಂದಲೇ ಬೂಸರು ಹಿಡಿದ ಕ್ಯಾಸೆಟ್ಟುಗಳನ್ನು ಮಾಳಿಗೆಯ ಮೇಲೆ ಶಾಂಡಿಗಿ ಪಕ್ಕದಲ್ಲಿ ಬಿಸಿಲಿಗಿಟ್ಟರು. ಶಾಂಡಿಗಿ ಚೆನ್ನಾಗಿ ಒಣಗಿದವು. ಕ್ಯಾಸೆಟ್ಟುಗಳು ಸೊಟ್ಟಗಾದವು. ಅಂದಿನಿಂದ ಆ ಖೋಲಿಯ ಕೀಲಿ ಸರ್ರ ಕೊರಳಿನ ಶಿವದಾರದಲ್ಲಿ ಲಿಂಗದ ಕರಡಿಗೆಯ ಜೊತೆ ತೂಗುತ್ತಿದೆ.

ವಿಸಿಡಿಗಳ ಕತೆ ಬೇರೆ. ಒಂದು ತಟ್ಟೆಯಲ್ಲಿ ಒಂದು ತಾಸು ಚಿಲ್ಲರೆಯಷ್ಟೇ ಹಿಡಿಯುತ್ತಿದ್ದರಿಂದ ಒಂದು ಪಿಚ್ಚರಿಗೆ ಎರಡು ತಟ್ಟೆ ಬೇಕು. 1988ರ 'ವೀರಾನಾ'ದ ಎರಡನೆಯದು ಮಾತ್ರ ಇವರಲ್ಲಿದೆ, ಮೊದಲನೆಯದನ್ನು ಒಯ್ದವರು ತಿರುಗಿ ಕೊಟ್ಟಿಲ್ಲ. ಹೀಗಾಗಿ ದೆವ್ವ ಯಾಕೆ ಬಂತೆಂಬುದು ಬಿಟ್ಟು ಮುಂದಿನದೆಲ್ಲ ಅವರಿಗೆ ಕಂಠಪಾಠ. ಅವರ ಕತೆಗಳಲ್ಲೂ ದೆವ್ವ ಯಾಕೆ ಬಂತೆಂಬುದು ಕಡೆತನಕ ಗೊತ್ತಾಗುವುದಿಲ್ಲ. ವಿಮರ್ಶಕರೊಬ್ಬರು ಇದನ್ನು 'ಅರ್ಥಪೂರ್ಣ ಮೌನ' ಎಂದು ಹೊಗಳಿದ್ದಾರೆ.

ಸರ್ರಿಗೆ ಈ ಹುಚ್ಚು ಹತ್ತಿದ್ದು ಗಣಪತಿ ಹಬ್ಬದಲ್ಲಿ. ಓಣಿಯ ಹುಡುಗರು ಪಟ್ಟಿ ಎತ್ತಿ, ಗದಗಿನಿಂದ ವಿಸಿಆರು, ಕಲರ್ ಟಿವಿ ಬಾಡಿಗೆಗೆ ತಂದು, ಹೊರಸಿನ ಮೇಲೆ ಇಟ್ಟು ರಾತ್ರಿಯಿಡೀ ತೋರಿಸುವ ಕಾಲ ಅದು. ಮೊದಲು ಹಿರಿಯರಿಗಾಗಿ ದೇವರ ಪಿಚ್ಚರು, ಆಮೇಲೆ ಹೊಡೆದಾಟದ್ದು, ಹೆಣ್ಣುಮಕ್ಕಳು ಮನೆ ಸೇರಿದ ಮೇಲೆ ದೆವ್ವದ್ದು. 1984ರ 'ಪುರಾನಾ ಮಂದಿರ್' ಅವರು ನೋಡಿದ್ದು ಹಾಗೆ, ಕಂಬಳಿಯ ತೂತಿನಿಂದ. ರಾಮ್ಸೆ ಸಹೋದರರ ಆ ಪಿಚ್ಚರಿನಲ್ಲಿ ಸಾಮ್ರಿ ಎಂಬ ರಾಕ್ಷಸನ ರುಂಡ ಪೆಟ್ಟಿಗೆಯಲ್ಲಿ, ಮುಂಡ ಗುಡಿಯ ಹಿಂದೆ. ಎರಡೂ ಕೂಡಿದರೆ ಕತೆ ಶುರು. ಪೆಟ್ಟಿಗೆಯ ಮುಚ್ಚಳ ತೆರೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತಂತೆ. ತಿರುಗಿ ಬರುವ ತನಕ ಆ ಕತ್ತಲಲ್ಲಿ ಕುಳಿತವರಲ್ಲಿ ಒಬ್ಬರೂ ಮಿಸುಕಲಿಲ್ಲ. "ಅಂಥಾ ದೆವ್ವ ರಾಮ್ಸೆಗೂ ಮಾಡಾಕ ಆಗಿಲ್ಲರೀ, ಅದನ್ನ ಮಾಡಿದ್ದು ಕರೆಂಟಿನವರು" ಎಂದು ಸರ್ರು ಇಂದಿಗೂ ಕೃತಜ್ಞರಾಗಿದ್ದಾರೆ.

ರಾಮ್ಸೆ ಮನೆತನದ ಬಗ್ಗೆ ಅವರಿಗೆ ಇರುವ ಭಕ್ತಿ ಸಣ್ಣದಲ್ಲ. ಆ ಸಹೋದರರ ತಂದೆ ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದವರು. ದೇಶ ವಿಭಜನೆಯ ಮೇಲೆ ಮುಂಬೈಗೆ ಬಂದು ಪಿಚ್ಚರ್ ಮಾಡಹೋಗಿ ಕೈಸುಟ್ಟುಕೊಂಡರು. 1970ರ 'ಏಕ್ ನನ್ಹೀ ಮುನ್ನೀ ಲಡ್ಕೀ ಥೀ' ಬಿದ್ದುಹೋಯಿತು. ಆದರೆ ಅದರಲ್ಲಿ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ಹಾಕಿಕೊಂಡು ಕಳವಿಗೆ ಬರುವ ಒಂದು ದೃಶ್ಯ ನೋಡಲಿಕ್ಕೆಂದೇ ಜನ ಬರುತ್ತಿದ್ದುದನ್ನು ಮಕ್ಕಳು ಗಮನಿಸಿದರು. ಹಾಗಾದರೆ ಇಡೀ ಪಿಚ್ಚರೇ ಮುಖವಾಡದ್ದು ಮಾಡಿದರೆ? ಏಳು ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡರು. ಒಬ್ಬ ಕ್ಯಾಮೆರಾ, ಒಬ್ಬ ಧ್ವನಿ, ಒಬ್ಬ ಸಂಕಲನ, ಒಬ್ಬ ಕತೆ, ಇಬ್ಬರು ನಿರ್ದೇಶನ, ಹೀಗೆ. 1972ರ 'ದೋ ಗಜ್ ಜಮೀನ್ ಕೇ ನೀಚೇ'ಗಾಗಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಮಹಾಬಳೇಶ್ವರಕ್ಕೆ ಹೋಗಿ ಕಡಿಮೆ ಖರ್ಚಿನಲ್ಲಿ ಮುಗಿಸಿಕೊಂಡು ಬಂದರು. ಇದನ್ನು ಹೇಳುವಾಗ ಸರ್ರ ಕಣ್ಣು ಒದ್ದೆಯಾಗುತ್ತವೆ. "ಏಳು ಮಂದಿ ಅಣ್ಣತಮ್ಮರು ಕೂಡಿ ಒಂದು ದೆವ್ವ ಎಬ್ಬಿಸಿದ್ರು ನೋಡ್ರಿ. ನಮ್ಮಲ್ಲಿ ಇಬ್ಬರು ಕೂಡಿದ್ರ ಹೊಲದ ಬದುವಿನ ಮ್ಯಾಲ ಕೋರ್ಟಿಗೆ ಹೊಕ್ಕಾರ." ಸಾಮ್ರಿಯ ಪಾತ್ರ ಮಾಡಿದ ಅನಿರುದ್ಧ ಅಗರವಾಲ್ ರೂರ್ಕಿಯಲ್ಲಿ ಓದಿದ ಸಿವಿಲ್ ಇಂಜಿನಿಯರ್ ಎಂಬುದಂತೂ ವಿಜ್ಞಾನದ ಮಾಸ್ತರರಾದ ಇವರಿಗೆ ದೊಡ್ಡ ಆಸರೆ. ಹೆಡ್‌ಮಾಸ್ತರರು ಏನಾದರೂ ಅಂದರೆ ಈ ಒಂದು ಮಾತು ಹೇಳಿ ಬಾಯಿ ಮುಚ್ಚಿಸುತ್ತಾರೆ.

ಪಿಚ್ಚರ್ ನೋಡುವಾಗ ಸರ್ರು ಅಂಜುವುದಿಲ್ಲ. ಮೌಲ್ಯಮಾಪನ ಮಾಡುತ್ತಾರೆ. ತೊಡೆಯ ಮೇಲೆ ನೋಟ್‌ಬುಕ್ಕು, ಕೈಯಲ್ಲಿ ಕೆಂಪು ಪೆನ್ನು. ದೆವ್ವ ಬೇಗ ಮುಖ ತೋರಿಸಿತು, ಎರಡು ಅಂಕ ಕಟ್. ಬೆಕ್ಕು ಜಿಗಿಸಿ ಹೆದರಿಸಿದರು, ಇದು ಕಾಪಿ, ಸೊನ್ನೆ. ಬಾಗಿಲಿನ ಸದ್ದಿನ ಬಗ್ಗೆ ಅವರದೊಂದು ಸಿದ್ಧಾಂತವಿದೆ: "ಬಾಗಲಾ ಕಿರ್ ಅಂದಾಗ ಅಂಜಿಕಿ ಬರೂದಿಲ್ಲ. ಕಿರ್ ಅನ್ನೂದು ಅರ್ಧಕ್ಕ ನಿಂತಾಗ ಬರ್ತೈತಿ." ಮಾತು ನಿಜ, ಮನೆಗೆ ಬಂದು ನಮ್ಮ ಬಾಗಿಲಿನ ಮೇಲೆ ಪರೀಕ್ಷಿಸಿದ್ದೇನೆ.

ಈ ಏಕಾಗ್ರತೆಗೆ ಭಂಗ ತರುವವರೆಂದರೆ ವೈನಿ. ಹುಣಸೆಹಣ್ಣು ಬಿಡಿಸುತ್ತ ಬಾಗಿಲಲ್ಲಿ ಕೂತಿರುತ್ತಾರೆ.

"ಅಲ್ರೀ, ಅಷ್ಟು ದೊಡ್ಡ ಹವೇಲಿ, ಕಸಾ ಹೊಡ್ಯಾಕ ಒಬ್ಬಾಕೀನೂ ಇಲ್ಲೇನು? ಎಷ್ಟು ಜೇಡರ ಬಲಿ ಕಟ್ಟೈತಿ ನೋಡ್ರಿ."

"ಸುಮ್ಮನಿರು. ಗಾಬರಿ ಬರೂ ಟೈಮು."

"ಎಷ್ಟೊತ್ತಿಗೆ ಬರ್ತೈತಿ ಹೇಳ್ರಿ. ಅಷ್ಟರಾಗ ಹಾಲು ಕಾಸಿ ಬರ್ತೀನಿ."

ಕನ್ನಡದ್ದೆಂದರೆ ಸರ್ರು ಮೊದಲು ಎದ್ದು ಕೈಮುಗಿಯುವುದು 1979ರ 'ನಾ ನಿನ್ನ ಬಿಡಲಾರೆ'ಗೆ. ಸತ್ತ ಕಾಮಿನಿ ಅನಂತನಾಗ್ ಮೈಮೇಲೆ ಬರುವುದು, ಲಕ್ಷ್ಮೀ ಗಂಡನನ್ನು ಉಳಿಸಿಕೊಳ್ಳಲು ಒದ್ದಾಡುವುದು, ಕಡೆಗೆ ರಾಯರೇ ಕಾಯುವುದು. ಇಂಗ್ಲಿಷರ ಡ್ರಾಕುಲಾ ಶಿಲುಬೆಗೆ ಹೆದರಿದರೆ ನಮ್ಮದು ಮಂತ್ರಾಲಯಕ್ಕೆ ಹೆದರಿತು, ಮಂತ್ರಾಲಯವಾದರೆ ಬಸ್ಸಿಗೆ ಹೋಗಿ ಬರಬಹುದಾದ ದೂರ. ಈ ಧೈರ್ಯದ ಮೇಲೆ ಸರ್ರು ಒಮ್ಮೆ ಡ್ರಾಕುಲಾನನ್ನೇ ಮುಂಡರಗಿಗೆ ಕರೆತಂದು ಕಾದಂಬರಿ ಶುರುಮಾಡಿದ್ದರು. ಮೂರನೇ ಅಧ್ಯಾಯಕ್ಕೆ ನಿಂತುಹೋಯಿತು. ಡ್ರಾಕುಲಾನಿಗೆ ಬೆಳ್ಳುಳ್ಳಿ ಆಗುವುದಿಲ್ಲ. ಬೆಳ್ಳುಳ್ಳಿ ಖಾರ ಇಲ್ಲದ ಮನೆ ಈ ತಾಲೂಕಿನಲ್ಲಿ ಎಲ್ಲಿಂದ ತರುವುದು? ಪಾಪ, ಉಪವಾಸದಿಂದ ಸತ್ತೇಹೋಗುತ್ತಿದ್ದ, ಮೊದಲೇ ಸತ್ತಿರದಿದ್ದರೆ.

'ಆಪ್ತಮಿತ್ರ'ದ ಹೆಸರೆತ್ತಿದರೆ ಮಾತ್ರ ಸರ್ರಿಗೆ ಸಿಟ್ಟು. 1993ರ ಮಲಯಾಳಂನ 'ಮಣಿಚಿತ್ರತಾಳ್' 2004ರಲ್ಲಿ ಕನ್ನಡಕ್ಕೆ ಬಂದಾಗ ನಾಡೆಲ್ಲ ಕುಣಿಯಿತು. ಬಿಡುಗಡೆಯ ಮುಂಚೆಯೇ ತೀರಿಕೊಂಡ ಸೌಂದರ್ಯಾಳನ್ನು ನೋಡಿ ಅತ್ತಿತು. ಸರ್ರ ತಕರಾರು ಬೇರೆ. ಇಷ್ಟು ಛಲೋ ದೆವ್ವವನ್ನು ಕಟ್ಟಿ, ಕಡೆಗೆ ವಿಷ್ಣುವರ್ಧನ್ ಅವರನ್ನು ಮನೋವೈದ್ಯರನ್ನಾಗಿ ಕರೆಸಿ, ಇದು ಕಾಯಿಲೆ ಅನ್ನಿಸಿದರಲ್ಲ! "ಡಾಕ್ಟರ್ ಬಂದು ಎಲ್ಲಾ ಸರಿಮಾಡಿದ ಮ್ಯಾಲ ನಮ್ಮಂಥಾ ಲೇಖಕರು ಏನ್ ಮಾಡಬೇಕ್ರೀ, ಔಷಧ ಅಂಗಡಿ ಇಡಬೇಕೇನು?" ನಾನು ಸಮಾಧಾನ ಹೇಳಿದೆ. ಡಾಕ್ಟರು ಹೇಳಿದ್ದು ಯಾರ ತಲೆಯಲ್ಲೂ ಉಳಿದಿಲ್ಲ, ಜನರಿಗೆ ನೆನಪಿರುವುದು ನಾಗವಲ್ಲಿಯೊಬ್ಬಳೇ. ಇಲ್ಲದಿದ್ದರೆ 2010ರಲ್ಲಿ 'ಆಪ್ತರಕ್ಷಕ'ಕ್ಕೆ ಅವಳು ಮತ್ತೆ ಬರುತ್ತಿದ್ದಳೇ? ಸರ್ರು ಸ್ವಲ್ಪ ತಣ್ಣಗಾದರು.

ಹೊರದೇಶದಲ್ಲಿರುವ ಅಳಿಯ ಒಮ್ಮೆ ಬರುವಾಗ 'ಪುರಾನಾ ಮಂದಿರ್'ನ ಡಿವಿಡಿ ತಂದುಕೊಟ್ಟ. ಮೊಂಡೋ ಮಕಾಬ್ರೋ ಎಂಬ ವಿದೇಶಿ ಕಂಪನಿಯೊಂದು ನಮ್ಮ ರಾಮ್ಸೆಗಳನ್ನು ಡಿವಿಡಿಗೆ ಹಾಕಿ ಅಲ್ಲಿ ಮಾರಿದ್ದು ಕೇಳಿ ಸರ್ರ ಎದೆ ಉಬ್ಬಿತ್ತು. ನನ್ನನ್ನೂ ಕರೆದರು. ಗೆರೆಯಿಲ್ಲ, ಮಂಜಿಲ್ಲ, ಎಲ್ಲ ಸ್ವಚ್ಛ. ಅರ್ಧ ತಾಸಿನಲ್ಲಿ ಅವರ ಮುಖ ಬಾಡಿತು. ಟೇಪಿನಲ್ಲಿ ಕತ್ತಲೆಯಿದ್ದ ಮೂಲೆಯಲ್ಲಿ ಈಗ ಬರೀ ಗೋಡೆ ಕಾಣುತ್ತಿತ್ತು, ಮುಖಕ್ಕೆ ಮೆತ್ತಿದ್ದು ಬಣ್ಣವೆಂದು ಗೊತ್ತಾಗುತ್ತಿತ್ತು. ಇಷ್ಟು ವರ್ಷ ತಮ್ಮನ್ನು ಅಂಜಿಸಿದ್ದರಲ್ಲಿ ಅರ್ಧ ಪಾಲು ಬೂಸರಿನದು ಎಂದು ಅವರಿಗೆ ಆಗ ತಿಳಿಯಿತು. ಡಿವಿಡಿ ತೆಗೆದು ಡಬ್ಬಿಗೆ ಹಾಕಿ, ಗೆರೆ ತುಂಬಿದ ಹಳೇ ಕ್ಯಾಸೆಟ್ಟನ್ನೇ ತುರುಕಿದರು. ನನಗಂತೂ ಅವರ ಈ ನಿರ್ಧಾರ ಸರಿಯೆನಿಸಿತು.

ಇಷ್ಟು ಅಭ್ಯಾಸ ಮಾಡಿ ಬರೆದರೂ ಊರಲ್ಲಿ ಮಾನ್ಯತೆ ಸಿಗಬೇಕಲ್ಲ. ಕಪ್ಪತಗುಡ್ಡದಲ್ಲಿ ಪಾಳು ವಾಡೆಯೊಂದಿದೆ ಎಂದು ಬರೆದರೆ, "ಆಯಿತವಾರ ಹೋಗಿದ್ದೆವರೀ, ಬರೇ ಗಾಳಿಯಂತ್ರ ಅದಾವು" ಎನ್ನುತ್ತಾರೆ. 1858ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿ ಭೀಮರಾಯನ ಆತ್ಮದ ಮೇಲೆ ಬರೆಯಿರಿ ಎಂದು ಯಾರೋ ಸೂಚಿಸಿದಾಗ ಮಾತ್ರ ಸರ್ರು ಗದರಿದರು: "ಅಂಥವರು ದೆವ್ವ ಆಗೂದಿಲ್ಲೋ. ಕೆಲಸಾ ಮುಗಿಸಿ ಹೋದವರು ಅವರು."

ಎಲ್ಲಕ್ಕಿಂತ ದೊಡ್ಡ ಹೊಡೆತ ಚಹಾದಂಗಡಿಯಲ್ಲಿ. "ಸರ್ರ, ನಿಮ್ಮ ಕತಿ ಓದಿದೆ. ಛಲೋ ಐತಿ. ಆದ್ರ ಅಂಜಿಕಿ ಬರಲಿಲ್ಲ ನೋಡ್ರಿ. ನಮ್ಮ ದೊಡ್ಡವ್ವಗ ಬಡಕೊಂಡಿತ್ತು..." ಎಂದು ಅಂಗಡಿಯವನು ಶುರುಮಾಡುತ್ತಾನೆ. ದೊಡ್ಡವ್ವ ಆಗಿನ್ನೂ ಹೊಸದಾಗಿ ಬಂದ ಸೊಸೆ, ಹೊಳೆಯಿಂದ ಬಟ್ಟೆ ಒಗೆದು ಬಂದವಳು, ತಟ್ಟನೆ ಮಾವನನ್ನು ಏಕವಚನದಲ್ಲಿ ಕರೆದಳು. ಹಸಿರು ಸೀರೆ ಬೇಕೆಂದಳು. ತವರಿಗೆ ಕಳಿಸು ಎಂದಳು. ಬೆಲ್ಲದ ಹೋಳಿಗೆ ಬೇಕು, ಅತ್ತೆಯೇ ಮಾಡಬೇಕು ಎಂದಳು. ಎಲ್ಲ ಕೊಟ್ಟ ಮೇಲೆ ದೆವ್ವ ಬಿಟ್ಟುಹೋಯಿತು. ಸುತ್ತ ಕೂತವರು ಗಪ್‌ಚಿಪ್ಪಾಗಿ ಕೇಳುತ್ತಾರೆ. ಸರ್ರು ಮಾತ್ರ, ಇದರಲ್ಲಿ ಕ್ಲೈಮ್ಯಾಕ್ಸ್ ಇಲ್ಲ ಎಂದು ಮೂಗು ಮುರಿದು ಏಳುತ್ತಾರೆ. ಪ್ರತೀಕಾರವಿಲ್ಲ, ಹವೇಲಿಯಿಲ್ಲ, ಶಾಪವಿಲ್ಲ. ಸೀರೆ ಹೋಳಿಗೆ ಕೇಳುವುದೂ ಒಂದು ದೆವ್ವವೇ?

ಈ ಮಾತನ್ನು ಅವರು ಮನೆಯಲ್ಲೂ ಹೇಳಿದ್ದಾರೆ. ವೈನಿ ಹುಣಸೆಬೀಜ ತೆಗೆಯುತ್ತಲೇ ಉತ್ತರ ಕೊಟ್ಟರಂತೆ: "ಗಂಡಸಿಗೆ ದೆವ್ವ ಬಡಿಯೂದು ಪಿಚ್ಚರಿನ್ಯಾಗ ಅಷ್ಟರೀ. ಗಂಡಸಿಗೆ ಬೇಕಾದ್ದನ್ನ ಬಾಯಿಬಿಟ್ಟು ಕೇಳಿದ್ರ ಸಿಗತೈತಿ, ದೆವ್ವ ಯಾಕ ಬೇಕು?" ಸರ್ರು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಮಾನೌಮಿ ಅಮಾಸಿಯ ರಾತ್ರಿ ಉಪಯೋಗಕ್ಕೆ ಬರುತ್ತಿತ್ತು.

ಆ ರಾತ್ರಿ 'ಬಂದ್ ದರ್ವಾಜಾ' ಹಾಕಿದ್ದರು. ಕರೆಂಟು ಹೋಯಿತು. ಬಾಗಿಲು ಕಿರ್ ಎಂದು ಅರ್ಧಕ್ಕೆ ನಿಂತಿತು. ಕೂದಲು ಬಿಚ್ಚಿಕೊಂಡು ವೈನಿ ನಿಂತಿದ್ದರು. ಧ್ವನಿ ದಪ್ಪ.

"ನಾ ಬಂದೀನಿ."

ಸರ್ರು ಅನುಭವಸ್ಥರು. ಗಾಬರಿಯಾಗಲಿಲ್ಲ. ಪ್ರವೇಶ ಛಲೋ ಇತ್ತು, ಬೆಕ್ಕು ಗಿಕ್ಕು ಇಲ್ಲ, ಹತ್ತಕ್ಕೆ ಎಂಟು ಕೊಡಬಹುದು ಎಂದುಕೊಂಡು ಕೇಳಿದರು:

"ಯಾರು ನೀನು?"

"ಈ ಖೋಲ್ಯಾಗ ಇರಾಕಿ. ಈ ಡಬ್ಬಿಗೋಳನ್ನ ತಗಿ. ನನಗ ಇಲ್ಲೆ ಫ್ರಿಜ್ ಬೇಕು. ಡಬಲ್ ಡೋರಿಂದು."

"ದೆವ್ವ ಆದವರು ಹಸಿರು ಸೀರಿ ಕೇಳ್ತಾರ."

"ಸೀರಿ ಅದಾವು."

ಸರ್ರು ತಡವರಿಸಿದರು. ಇಂಥ ದೃಶ್ಯ ಏಳು ರಾಮ್ಸೆಗಳಲ್ಲಿ ಒಬ್ಬರೂ ಬರೆದಿರಲಿಲ್ಲ.

"ಸಿಂಗಲ್ ಡೋರಿಂದು ಆದೀತೇನು?"

"ಉಂಹೂಂ."

"ಹಂಗಾದ್ರ ಕಂತಿನ ಮ್ಯಾಲ ತರಬೇಕಾಗ್ತೈತಿ."

ದೆವ್ವ ಕತ್ತಲಲ್ಲಿ ಸ್ವಲ್ಪ ಹೊತ್ತು ಲೆಕ್ಕ ಹಾಕಿತು.

"ಬಡ್ಡಿ ಎಷ್ಟು?"