ಜೀಪಿನಡಿಯ ಲಗ್ನಪತ್ರಿಕೆ

ಹಳೇ ಜೀಪು ಸಾಕುವವನಿಗೆ ಬೆಸಗರಹಳ್ಳಿಯಲ್ಲಿ ಸಲಹೆಗೆ ಬರವಿಲ್ಲ. ಹಿಂದಿನ ಚಕ್ರದ ಕಡೆಯಿಂದ ‘ಟಣ್’ ಎಂದದ್ದೇ ತಡ, ಟೀ ಅಂಗಡಿಯ ಬೆಂಚು ಅದನ್ನು ಡಿಫರೆನ್ಷಿಯಲ್ ಅಂದಿತು, ಹಾಲಿನ ಡೈರಿಯ ಸರತಿ ಕಮಾನ್ ಪಟ್ಟಿ ಅಂದಿತು, ಹೆಂಡತಿ ‘ಮಾರಿಬಿಡಿ’ ಅಂದಳು. ಮೂರನೆಯದರಲ್ಲಿ ಸತ್ಯಾಂಶ ಹೆಚ್ಚಿದ್ದುದರಿಂದ ಅದನ್ನು ಕೈಬಿಟ್ಟೆ. ಕೆಳಗೆ ನುಗ್ಗಿ ನೋಡಿದರೆ, ಶಾಕ್ ಅಬ್ಸಾರ್ಬರನ್ನು ಚಾಸಿಗೆ ಹಿಡಿದಿಡುವ ಮೇಲಿನ ಬ್ರಾಕೆಟ್ಟು ಅರ್ಧ ಸೀಳಿ ನೇತಾಡುತ್ತಿತ್ತು. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಗಾಡಿ ಕೆಟ್ಟಿದೆ ಅಂದರೆ ಯಾರ ಮನೆಯ ಗೃಹಪ್ರವೇಶಕ್ಕೂ ಹೋಗಬೇಕಿಲ್ಲ.

ಜೀಪಿನ ಭಾರ ಹೊರುವುದು ಕಮಾನ್ ಪಟ್ಟಿ. ಶಾಕಿನ ಕೆಲಸ ಅದರ ಕುಣಿತ ನಿಲ್ಲಿಸುವುದಷ್ಟೆ. ಒಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಗ್ಗಿ ಬಿಸಿಯಾಗಿ, ಕುಣಿತ ಕರಗುತ್ತದೆ. ಆದರೆ ಹಿಂದಿನ ಮಾಲೀಕ ಮಹಾಶಯ ಇನ್ಯಾವುದೋ ಗಾಡಿಯ ಗಿಡ್ಡ ಶಾಕ್ ಕೂರಿಸಿದ್ದ. ಹಂಪ್ ಹಾರಿ ಆಕ್ಸಲ್ ಕೆಳಗಿಳಿದಾಗಲೆಲ್ಲ ಶಾಕ್ ಪೂರ್ತಿ ಎಳೆದು, ಆಕ್ಸಲ್ಲಿನ ತೂಕವೆಲ್ಲ ಬ್ರಾಕೆಟ್ಟಿಗೇ ಜೋತು ಬೀಳುತ್ತಿತ್ತು. ಇಂಥದಕ್ಕೆ ಸೀಳಿದ ಜಾಗದ ಮೇಲೆ ಸುಮ್ಮನೆ ವೆಲ್ಡಿಂಗ್ ಹೊಡೆದರೆ ಪಕ್ಕದಲ್ಲಿ ಸೀಳುತ್ತದೆ. ಬಿರುಕಿನ ತುದಿಗೆ ತೂತು ಕೊರೆದು, ಉಜ್ಜಿ, ಬೆಸೆದು, ಮಗ್ಗುಲಿಗೆ ತ್ರಿಕೋನದ ದಪ್ಪ ಪಟ್ಟಿ ಕೊಡಬೇಕು. ಆಕ್ಸಲ್ ಪೂರ್ತಿ ಇಳಿಬಿಟ್ಟು ಅಳೆದು, ಅದಕ್ಕೂ ಒಂದಿಷ್ಟು ಹೆಚ್ಚು ಚಾಚುವ ಶಾಕ್ ತರಬೇಕು. ಇಷ್ಟೆಲ್ಲ ನಾನು ವಿವರಿಸುವಾಗ ವೆಲ್ಡಿಂಗ್ ಅಂಗಡಿಯವನು ಬ್ಯಾಟರಿ ಬಿಚ್ಚಿ ಇಟ್ಟಾಗಿತ್ತು.

ಅವನ ಕ್ಲಾಂಪನ್ನು ಯಾರೋ ಮದ್ದೂರಿಗೆ ಒಯ್ದಿದ್ದರು. ಹಾಗಾಗಿ ನಾನೇ ಕ್ಲಾಂಪು. ಅಂಗಾತ ಮಲಗಿ, ಎರಡು ಕೈಯಲ್ಲೂ ಇಕ್ಕಳ ಹಿಡಿದು, ಪಟ್ಟಿಯನ್ನು ಚಾಸಿಗೆ ಒತ್ತಿದೆ. ಅವನು ಒಂದು ಕಣ್ಣು ಮುಚ್ಚಿ ಓರೆ ಸರಿಮಾಡಿದ. ‘ಇನ್ನು ಉಸ್ರೂ ಬುಡಬ್ಯಾಡಿ’ ಅಂದ. ತ್ರೀ ಫೇಸ್ ಹೋಯಿತು.

‘ಈಗ ಬತ್ತದೆ ಸಾ, ಹಂಗೇ ಇರಿ’ ಎಂದು ಅವನು ಟೀಗೆ ಹೊರಟ. ಕರೆಂಟ್ ಬರಲಿಲ್ಲ, ಹೆಂಡತಿಯ ಸೋದರಮಾವ ಬಂದರು, ಅತ್ತೆ ಸಮೇತ, ಮಗಳ ಲಗ್ನಪತ್ರಿಕೆ ಹಿಡಿದು. ಮೊದಲು ಅವರ ಚಪ್ಪಲಿ ಕಾಣಿಸಿತು, ಆಮೇಲೆ ಪಂಚೆ ಅಂಚು.

‘ಅಳಿಯಂದ್ರ ಕಾಲು ಕನಮ್ಮಿ ಇದು’ ಅಂದರು ಮಾವ.

‘ಹೂಂ, ಅವರದೇ. ಹಿಮ್ಮಡಿ ಒಡೆದೈತಲ್ಲ’ ಅಂದರು ಅತ್ತೆ.

ಇಬ್ಬರೂ ನನ್ನ ಪಾದಗಳ ಎದುರು ಕುಕ್ಕರುಗಾಲಲ್ಲಿ ಕೂತು ಕ್ಷೇಮ ವಿಚಾರಿಸಿದರು. ನಾನು ಹೆಬ್ಬೆರಳು ಆಡಿಸಿ ಗೌರವ ತೋರಿಸಿದೆ. ‘ಎರಡು ಕೈಲೂ ಈಸ್ಕಳಿ’ ಎಂದರು ಮಾವ. ಕೈ ಖಾಲಿಯಿಲ್ಲ ಮಾವ, ಅಂದೆ. ‘ಹಂಗಂತ ಕಾಲ್ಗೆ ಕೊಡಕಾದದಾ?’ ಎಂದು ಸ್ವಲ್ಪ ಹೊತ್ತು ದಂಪತಿಗಳಲ್ಲಿ ಧರ್ಮಜಿಜ್ಞಾಸೆ ನಡೆಯಿತು. ಕೊನೆಗೆ ಅತ್ತೆ ಬಗ್ಗಿ, ಅರಿಶಿನ ಹಚ್ಚಿದ ಪತ್ರಿಕೆಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. ಉಸಿರಾಡಿದಂತೆ ಅದು ಏಳುತ್ತ ಇಳಿಯುತ್ತಿತ್ತು. ವಧುವಿನ ಕಡೆಯವರ ಹೆಸರೆಲ್ಲ ಬಾಯಿಪಾಠ ಆಗುವ ಹೊತ್ತಿಗೆ ಕರೆಂಟ್ ಬಂತು. ‘ಕಣ್ ಮುಚ್ಕಳೀ!’ ಎಂದು ವೆಲ್ಡರ್ ಓಡಿ ಬಂದ. ಕಿಡಿಗಳು ಅಕ್ಷತೆಯ ಹಾಗೆ ಸುರಿದವು. ಪಟ್ಟಿ ಕೂತಿತು. ಪತ್ರಿಕೆಯಲ್ಲಿ ಮುಹೂರ್ತದ ಗಂಟೆ ಇದ್ದಲ್ಲಿ ತೂತು ಬಿದ್ದಿತ್ತು.

ಮದುವೆಗೆ ಬೆಳಗಾಗುವ ಮೊದಲೇ ಹೋಗಿ ಕೂತೆವು, ಅದೇ ಜೀಪಿನಲ್ಲಿ.

ಬ್ರಾಕೆಟ್ ಸೀಳಿದ್ದು ಗಿಡ್ಡ ಶಾಕಿನಿಂದಲಾದರೂ ನನ್ನ ಸಿಟ್ಟೆಲ್ಲ ಹಂಪ್ ಹಾಕುವವರ ಮೇಲೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರ್, ಉದ್ದ 3.7 ಮೀಟರ್, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತಿರಬೇಕು. ಕಪ್ಪು ಬಿಳಿ ಪಟ್ಟೆ ಬಳಿಯಬೇಕು. ಮುಂಚೆಯೇ ಸೂಚನಾ ಫಲಕ ಇರಬೇಕು. ನಮ್ಮಲ್ಲಿ ಮನೆಗೊಂದರಂತೆ ಏಳುವ ಹಂಪ್‌ಗಳು ಗದ್ದೆ ಬದುವಿನ ಗಾತ್ರ, ಬಣ್ಣ ಡಾಂಬರಿನದೇ. ಜೀಪಿಗಾದರೆ ಬ್ರಾಕೆಟ್ ಹೋಗುತ್ತದೆ, ಪಟ್ಟಿ ಕೊಡಬಹುದು. ಮಗುವನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಕತ್ತಲಲ್ಲಿ ಬರುವ ಬೈಕಿನವನಿಗೆ ಎಲ್ಲಿ ಬೆಸೆಯುವುದು? ಡಾಕ್ಟರೂ ಕತೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರ ಊರಿನವರು ನಾವು. ಆಸ್ಪತ್ರೆಯ ಹಾಸಿಗೆಯ ಕತೆ ನಮಗೆ ಗೊತ್ತಿಲ್ಲದ್ದೇನಲ್ಲ.

ನಿಮ್ಮ ಬೀದಿಯ ಹಂಪ್ ಒಡೆಸಲು ಆಗದಿದ್ದರೆ ಬೇಡ. ಹಬ್ಬಕ್ಕೆ ಮನೆಗೆ ಬಳಿದು ಉಳಿದ ಸುಣ್ಣವನ್ನು ಅದರ ಮೇಲೆ ಬಳಿಯಿರಿ.