ಶಿಸ್ತಿಗೆ ಸರ್ಕಾರಿ, ಪಿಂಚಣಿಗೆ ಖಾಸಗಿ

ಭಿವಂಡಿಯ ಗೋದಾಮುಗಳಿಂದ ಊರೂರಿಗೆ ಪಾರ್ಸೆಲ್ ಹೊರಡುತ್ತದೆ. ಅದೇ ತಾಲೂಕಿನ ಹಳ್ಳಿಗಳಿಗೆ ಟಪಾಲು ಮುಟ್ಟಿಸುವ ಗ್ರಾಮೀಣ ಡಾಕ್ ಸೇವಕ ಮಾತ್ರ ಸರ್ಕಾರದ ಲೆಕ್ಕದಲ್ಲಿ ನಾಲ್ಕೈದು ಗಂಟೆಯ ಆಳು. “ಅರೆಹೊತ್ತಿನ ಕೆಲಸಕ್ಕೆ ಪೂರ್ತಿ ಸಂಬಳವೇ?” ಎನ್ನುತ್ತಾರೆ ಸಾಹೇಬರು. ಸರಿ ಸ್ವಾಮಿ, ಆದರೆ ಮಳೆಗಾಲದ ಕೆಸರುದಾರಿಗೆ ಗಡಿಯಾರ ನೋಡಿ ಚಿಕ್ಕದಾಗುವ ಅಭ್ಯಾಸವಿಲ್ಲ. “ಬೇರೆ ಆದಾಯ ಇದ್ದವರನ್ನೇ ತೆಗೆದುಕೊಳ್ಳುತ್ತೇವಲ್ಲ!” ನಿಜ, ನಿಯಮವೇ ಹಾಗಿದೆ. ಅಂದರೆ, ಈ ದುಡ್ಡಿನಲ್ಲಿ ಬದುಕಲಾಗದು ಎಂದು ಇಲಾಖೆಯೇ ಮುಂಗಡವಾಗಿ ಒಪ್ಪಿದಂತಾಯಿತು. ಮೇಲಾಗಿ ಶಾಖಾ ಅಂಚೆಕಚೇರಿಗೆ ಜಾಗ ಒದಗಿಸುವ ಹೊಣೆಯೂ, ತಾನೂ ಡಾಕ್ ಸೇವಕನೇ ಆದ, ಅಲ್ಲಿನ ಪೋಸ್ಟ್‌ಮಾಸ್ಟರನದೇ. ನೌಕರನೇ ಸರ್ಕಾರಕ್ಕೆ ಸೂರು ಕೊಡುವ ವ್ಯವಸ್ಥೆಯಿದು!

“ಅವರು ಸರ್ಕಾರಿ ನೌಕರರೇ ಅಲ್ಲ.” ಇವು ಸಿವಿಲ್ ಹುದ್ದೆಗಳೇ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ, ರಾಜಮ್ಮ ಪ್ರಕರಣದಲ್ಲಿ, ಹೇಳಿಯಾಗಿದೆ. ಆದರೂ ಶಿಸ್ತುಕ್ರಮದ ದಿನ ಅವರು ಸರ್ಕಾರದವರು, ಪಿಂಚಣಿಯ ದಿನ ಹೊರಗಿನವರು. “ಕೇಳಿದ್ದೆಲ್ಲ ಕೊಟ್ಟರೆ ಬೊಕ್ಕಸ ಬರಿದು!” ಕೇಳಿದ್ದು ಅವರಷ್ಟೇ ಅಲ್ಲ, ಸರ್ಕಾರವೇ ನೇಮಿಸಿದ ಕಮಲೇಶ್ ಚಂದ್ರ ಸಮಿತಿಯೂ 2016ರಲ್ಲಿ ಭತ್ಯೆ ಹೆಚ್ಚಿಸಲು ಶಿಫಾರಸು ಮಾಡಿತ್ತು. 2018ರ ಮೇ ತಿಂಗಳಲ್ಲಿ ಮುಷ್ಕರ ಶುರುವಾದ ಮೇಲಷ್ಟೇ, ಜೂನ್ 6ರಂದು, ಸಂಪುಟ ಪರಿಷ್ಕರಣೆಗೆ ಒಪ್ಪಿತು: ನಾಲ್ಕು ಗಂಟೆಯ ಡಾಕ್ ಸೇವಕನಿಗೆ ಕನಿಷ್ಠ ಮೂಲಭತ್ಯೆ 10,000 ರೂಪಾಯಿ. ಬೊಕ್ಕಸ ಬರಿದಾಗಲಿಲ್ಲ. ವರದಿ ಓದಲು ಮುಷ್ಕರವೇ ಬೇಕೆಂದರೆ, ತಪ್ಪು ಮುಷ್ಕರ ಹೂಡಿದವರದ್ದಲ್ಲ, ಓದುಗರದ್ದು.