ಇಲ್ಲದ ವಿಳಾಸಕ್ಕೆ ಹಟ ಹಿಡಿದ ಸರ್ವರ್

ಲೋಕಲ್‌ಹೋಸ್ಟ್ (ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ಹೆಸರು) ಎಂಬ ಮಹಾಶಯನಿಗೆ ಸಾಮಾನ್ಯವಾಗಿ ಎರಡು ವಿಳಾಸ: ಹಳೆಯದು ಐಪಿವಿ4ರ 127.0.0.1, ಹೊಸದು ಐಪಿವಿ6ರ ::1. ಯಾರೋ ಪುಣ್ಯಾತ್ಮರು ಐಪಿವಿ6 ಆಫ್ ಮಾಡಿಟ್ಟರೆ ಎರಡನೆಯದು ಹೆಸರಿಗಷ್ಟೇ. ಸರ್ವರ್ ಅಲ್ಲಿ ಕೂರಲು ಹೋದರೆ ಲಿನಕ್ಸ್ ‘ದೋಷ 99’, ಅಂದರೆ ಆ ವಿಳಾಸ ಕೊಡಲಾಗದು, ಎಂದು ಕೈ ಅಲ್ಲಾಡಿಸಿಬಿಡುತ್ತದೆ.

ಆಗ ನೋಡಿ, ಒಬ್ಬೊಬ್ಬರ ಸ್ವಭಾವ ಬಯಲಾಗುವುದು! ವೆಬ್ ಸರ್ವರ್ ಎಂಜಿನ್‌ಎಕ್ಸ್‌ಗೆ ಎರಡರಲ್ಲಿ ಒಂದು ಸಿಗದಿದ್ದರೂ ಸಾಕು, ಹಪ್ಪಳ ಬಡಿಸಲಿಲ್ಲವೆಂದು ಎಲೆ ಬಿಟ್ಟೇಳುವ ಬೀಗರ ಹಾಗೆ, ಶುರುವೇ ಆಗುವುದಿಲ್ಲ. ಡೇಟಾಬೇಸ್ ಸರ್ವರ್ ಪೋಸ್ಟ್‌ಗ್ರೆಸ್‌ಕ್ಯೂಎಲ್ ಹಾಗಲ್ಲ. ಲಾಗ್‌ನಲ್ಲಿ ನಾಲ್ಕು ಮಾತು ಗೊಣಗಿ, ಸಿಕ್ಕ ವಿಳಾಸದಲ್ಲೇ ಕೆಲಸಕ್ಕೆ ಕೂರುತ್ತದೆ. ಒಂದೂ ಸಿಗದಿದ್ದರೆ ಮಾತ್ರ ಮುಷ್ಕರ.

ಈ ರಗಳೆಯೇ ಬೇಡವೆಂದು ಕೆಲವರು 0.0.0.0 ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ದೋಷವೇನೋ ಮಾಯ, ಆದರೆ ಸರ್ವರ್ ಈಗ ಯಂತ್ರದ ಎಲ್ಲ ಐಪಿವಿ4 ವಿಳಾಸಗಳಲ್ಲೂ ಬಾಗಿಲು ತೆರೆದು ಕೂರುತ್ತದೆ. ಫೈರ್‌ವಾಲ್ ಇಲ್ಲದಿದ್ದರೆ, ಕರೆಯದ ಅತಿಥಿಗಳಿಗೂ ಸುಸ್ವಾಗತ!